ಗದ್ದೆ ಸಂಘದ ಚೆಲುವಮ್ಮ

ಅರಕೆರೆಯಿಂದ ಎರಡು ಮೈಲಿ ಆಚೆಗಿರುವ ತೂಬಿನಕೊಪ್ಪಲಿನಲ್ಲಿ ಚೆಲುವಮ್ಮನ ಹೆಸರೆತ್ತಿದರೆ ಜನ ಎರಡು ಮಾತು ಹೇಳುತ್ತಾರೆ. ಅವಳು ಹೊಲಿದ ರವಿಕೆ ಹರಿದರೂ ಹೊಲಿಗೆ ಬಿಡುವುದಿಲ್ಲ ಎನ್ನುವುದು ಒಂದು. ಊರ ಹೆಣ್ಣುಮಕ್ಕಳಿಗೆ ಚಡ್ಡಿ ತೊಡಿಸಿ ಗದ್ದೆಯಲ್ಲಿ ಚೆಂಡು ಒದೆಸಿದವಳು ಎನ್ನುವುದು ಇನ್ನೊಂದು. ಎರಡನೆಯದು ಹೊಗಳಿಕೆಯೋ ಬೈಗುಳವೋ ಎಂಬುದು ಹೇಳುವವರ ಮುಖ ನೋಡಿದರೆ ತಿಳಿಯುತ್ತದೆ. ಪವಿತ್ರಳ ವಿಷಯವನ್ನು ಮಾತ್ರ ಯಾರೂ ಎತ್ತುವುದಿಲ್ಲ. ಎತ್ತಿದರೆ ಚೆಲುವಮ್ಮ ಕತ್ತರಿ ಕೆಳಗಿಟ್ಟು, ಎದ್ದು ಒಳಗೆ ಹೋಗಿಬಿಡುತ್ತಾಳೆ.

ಅವಳು ಹುಟ್ಟಿ ಬೆಳೆದದ್ದು ಕೆ.ಆರ್.ಎಸ್.ನಲ್ಲಿ. ಅಪ್ಪ ನೀರಾವರಿ ಇಲಾಖೆಯಲ್ಲಿ ಬಡಗಿ. ಕ್ವಾರ್ಟರ್ಸಿನ ಹಿಂದಿನ ಬಯಲಿನಲ್ಲಿ ಸಂಜೆಯಾದರೆ ಇಲಾಖೆಯ ಗಂಡಸರು ಫುಟ್‌ಬಾಲ್ ಆಡುತ್ತಿದ್ದರು. ಚೆಂಡು ಬೇಲಿ ದಾಟಿ ಬಂದರೆ ಉಳಿದ ಹುಡುಗಿಯರು ಎತ್ತಿ ಎಸೆಯುತ್ತಿದ್ದರು, ಚೆಲುವಿ ಮಾತ್ರ ಲಂಗ ಮೇಲೆತ್ತಿ ಒದೆಯುತ್ತಿದ್ದಳು. ಅವಳು ಒದೆದ ಚೆಂಡು ಎಲ್ಲಿ ಬೇಕೋ ಅಲ್ಲಿಗೇ ಹೋಗಿ ಬೀಳುತ್ತಿತ್ತು. ಒಂದು ದಿನ ಆಡುವವರು ಒಬ್ಬ ಕಮ್ಮಿ ಬಿದ್ದಾಗ ಅವಳನ್ನು ಒಳಗೆ ಕರೆದರು. ಹದಿಮೂರು ತುಂಬುವವರೆಗೆ ಅವಳು ಆ ಬಯಲಿನಲ್ಲಿ ಆಡಿದಳು. ಆಮೇಲೆ ಅವ್ವ ಒಂದು ದಿನ ಜುಟ್ಟು ಹಿಡಿದು ಎಳೆದುಕೊಂಡು ಬಂದು ಬಾಗಿಲು ಹಾಕಿದಳು. ಅಲ್ಲಿಗೆ ಆಟ ಮುಗಿಯಿತು. ಯಾರೂ ಅವಳಿಗೆ ಅದೇಕೆ ಎಂದು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಆ ಕಾಲಕ್ಕೆ ಹಾಗೆಲ್ಲ ಕೇಳುವ ರೂಢಿ ಇರಲಿಲ್ಲ.

ಹತ್ತೊಂಬತ್ತಕ್ಕೆ ತೂಬಿನಕೊಪ್ಪಲಿನ ಚಂದ್ರಶೇಖರನಿಗೆ ಕೊಟ್ಟರು. ಅವನೂ ಬಡಗಿಯೇ. ಟೈರಿನ ಗಾಡಿ ಬಂದ ಮೇಲೆ ಮರದ ಚಕ್ರ ಕೇಳುವವರಿಲ್ಲದೆ ಬಾಗಿಲು, ಕಿಟಕಿ, ಕಾಲಿಗೆ ಮೊಗ್ಗು ಕೆತ್ತಿದ ಮಂಚ ಮಾಡಿಕೊಂಡಿದ್ದ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಚೆಲುವಮ್ಮ ಹೊಲಿಗೆ ಮಷೀನು ಇಟ್ಟುಕೊಂಡಳು. ಹರ್ಷಿತ ಹುಟ್ಟಿದಳು. ಮಧ್ಯಾಹ್ನದ ಹೊತ್ತು ಊರಿನ ಹತ್ತು ಹನ್ನೆರಡು ಹುಡುಗಿಯರು ಹೊಲಿಗೆ ಕಲಿಯಲು ಬರತೊಡಗಿದರು. ಶಾಲೆ ಬಿಟ್ಟವರು, ಬಿಡಿಸಿದವರು, ಮನೆಯಲ್ಲಿ ಎಮ್ಮೆ ನೋಡಿಕೊಳ್ಳುವವರು.

ಆ ಪೈಕಿ ಒಬ್ಬಳು ಪವಿತ್ರ. ಚಿಕ್ಕಸ್ವಾಮಿಯ ಮಗಳು. ಆ ಮನೆಗೆ ನಾಲೆಯ ಕೆಳಗೆ ನಾಲ್ಕು ಎಕರೆ ಗದ್ದೆ, ಮೂರು ಎಮ್ಮೆ. ತಾಯಿ ಸತ್ತಾಗ ಪವಿತ್ರಳಿಗೆ ಒಂಬತ್ತು. ಮೂರನೇ ತರಗತಿಗೆ ಶಾಲೆ ಬಿಡಿಸಿ ಎಮ್ಮೆಯ ಹಗ್ಗ ಕೈಗೆ ಕೊಟ್ಟರು. ಸಾಕಿದವಳು ಚಿಕ್ಕಸ್ವಾಮಿಯ ತಾಯಿ ಪುಟ್ಟತಾಯಮ್ಮ. ಮುದುಕಿ ಗಟ್ಟಿ, ಬಾಯಿ ಇನ್ನೂ ಗಟ್ಟಿ. ಪವಿತ್ರಳಿಗೆ ಹೊಲಿಗೆ ಬರಲೇ ಇಲ್ಲ. ಎರಡು ತಿಂಗಳು ಕಲಿತರೂ ಒಂದು ಕಾಜ ನೆಟ್ಟಗೆ ಮಾಡಲಿಲ್ಲ. ಆದರೂ ದಿನವೂ ಬಂದು ಚೆಲುವಮ್ಮನ ಪಕ್ಕದಲ್ಲೇ ಕೂರುತ್ತಿದ್ದಳು. ತಾಯಿಯಿಲ್ಲದ ಮಗು ಎಲ್ಲಿ ಕೂತರೆ ಬೆಚ್ಚಗಿರುತ್ತದೋ ಅಲ್ಲಿ ಕೂರುತ್ತದೆ, ಅದಕ್ಕೇನು ಕಾರಣ ಹುಡುಕುವುದು.

ತೊಂಬತ್ತೆರಡನೇ ಇಸವಿ ಸಂಕ್ರಾಂತಿಗೆ ಚೆಲುವಮ್ಮ ತವರಿಗೆ ಹೋದಾಗ ಅಟ್ಟದ ಮೇಲೆ ಹಳೆಯ ಚೆಂಡೊಂದು ಸಿಕ್ಕಿತು. ತಂದಳು. ಅರಕೆರೆಯಲ್ಲಿ ಟ್ರಾಕ್ಟರು ಟೈರಿಗೆ ಪಂಕ್ಚರ್ ಹಾಕುವವನು ಅದರ ಬ್ಲ್ಯಾಡರಿಗೂ ಒಂದು ತೇಪೆ ಹಾಕಿಕೊಟ್ಟ. ಭತ್ತ ಕೊಯ್ದಾಗಿತ್ತು, ನಾಲೆ ನೀರು ನಿಲ್ಲಿಸಿದ್ದರು, ಗದ್ದೆಗಳೆಲ್ಲ ಒಣಗಿ ಬಯಲಾಗಿದ್ದವು. ಒಂದು ಮಧ್ಯಾಹ್ನ ಹೊಲಿಗೆ ಮುಗಿಸಿ ಹುಡುಗಿಯರನ್ನು ಕರೆದುಕೊಂಡು ಗದ್ದೆಗೆ ಹೋದಳು. ಹೇಗೆ ಒದೆಯಬೇಕೆಂದು ತೋರಿಸಲು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಒಂದು ಏಟು ಕೊಟ್ಟಳು. ಹದಿನೈದು ವರ್ಷದ ಮೇಲೆ ಕೊಟ್ಟ ಏಟು ಅದು. ಚೆಂಡು ಮೂರು ಬದು ದಾಟಿತು. ಹುಡುಗಿಯರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ, ಪವಿತ್ರ ಮಾತ್ರ ಅದರ ಹಿಂದೆ ಓಡಿ, ಎಡಗಾಲಿನಲ್ಲಿ ಅಷ್ಟೇ ದೂರ ವಾಪಸು ಕಳಿಸಿದಳು. ಎಮ್ಮೆ ಹಿಂದೆ ಓಡಿ ಓಡಿ ಗಟ್ಟಿಯಾದ ಕಾಲು. ಚೆಲುವಮ್ಮ ನಿಂತಲ್ಲೇ ಚಪ್ಪಾಳೆ ತಟ್ಟಿಬಿಟ್ಟಳು. ಇದೇನಪ್ಪ ಹೀಗೆ ಎಂದು ತನಗೆ ತಾನೇ ನಾಚಿಕೊಂಡಳು.

ಒಂದು ತಿಂಗಳು ಮನೆಗಳಲ್ಲಿ ಹೊಲಿಗೆ ಎಂದೇ ನಂಬಿದ್ದರು. ಆಮೇಲೆ ಯಾರಿಗೋ ಕೊಯ್ದುಳಿದ ಭತ್ತದ ಕೂಳೆ ಚುಚ್ಚಿ ಕಾಲು ಕೀವಾಗಿ ಗುಟ್ಟು ರಟ್ಟಾಯಿತು. ಊರಿನವರು ಮೂಗಿನ ಮೇಲೆ ಬೆರಳಿಟ್ಟರು. ಪುಟ್ಟತಾಯಮ್ಮ ನೆಟ್ಟಗೆ ಗದ್ದೆಗೇ ಬಂದಳು. ಹಿಂದೆ ಚಿಕ್ಕಸ್ವಾಮಿ.

“ಅನ್ನ ಕೊಡೋ ಮಣ್ಣ ಒದೀತೀರೇನ್ರಮ್ಮೀ,” ಎಂದಳು ಮುದುಕಿ. “ಅದೂ ಎಣ್ಮಕ್ಳು.”

“ಮಣ್ಣ ಒದೀತಿಲ್ಲ ಕಣಜ್ಜಿ, ಚೆಂಡು ಒದೀತಿರೋದು,” ಎಂದಳು ಪವಿತ್ರ.

ಚಿಕ್ಕಸ್ವಾಮಿ ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಬೀಡಿ ಹಚ್ಚಿದ. ಮಗಳು ಓಡುವುದನ್ನು ನೋಡಿದ. ಹೆಂಡತಿ ಸತ್ತ ಮೇಲೆ ಆ ಹುಡುಗಿ ನಕ್ಕದ್ದನ್ನು ಅವನು ಕಂಡಿರಲಿಲ್ಲ. ಬೀಡಿ ಮುಗಿದ ಮೇಲೆ ಎದ್ದು, “ಅವರಿವರ ಗದ್ದೇಲಿ ಯಾಕೆ, ನಮ್ ದೊಡ್ಡ ಮಡಿ ಖಾಲಿ ಬಿದ್ದೈತೆ, ಅಲ್ ಆಡ್ಕೊಳ್ಳಿ,” ಎಂದ. ಮುದುಕಿ ಮಗನ ಮಾತನ್ನು ತೆಗೆದುಹಾಕಲಾರದೆ ತನ್ನದೊಂದು ಷರತ್ತು ಹಾಕಿದಳು. ಗದ್ದೆಗೆ ಕಾಲಿಡುವ ಮೊದಲು ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಕಾಲಿನಲ್ಲಿ ಮೆಟ್ಟು ಇರಕೂಡದು.

ಹೀಗೆ ಶುರುವಾದದ್ದು ಆ ಸಂಘ. ಹಾಳೆಯ ಮೇಲೆ ಅದಕ್ಕೆ ಉದ್ದನೆಯ ಹೆಸರೊಂದಿತ್ತು. ಊರವರು ಗದ್ದೆ ಸಂಘ ಎಂದರು, ಅದೇ ನಿಂತಿತು. ಸುಗ್ಗಿ ಮುಗಿದು ನಾಲೆ ನಿಂತ ಮೇಲೆ ಆಟ ಆರಂಭ, ಆಷಾಢಕ್ಕೆ ತೂಬು ಎತ್ತಿದ ದಿನ ಮುಕ್ತಾಯ. ಚಂದ್ರಶೇಖರ ಜಾಲಿಮರದಲ್ಲಿ ಗೋಲಿನ ಕಂಬ ಮಾಡಿಕೊಟ್ಟ. ಹೆಂಡತಿ ಕೇಳಿರಲಿಲ್ಲ, ತಾನಾಗಿ ಮಾಡಿದ. ನೀರು ಬರುವ ಸುದ್ದಿ ನಾಲೆ ಕಾಯುವ ನೀರುಗಂಟಿಯಿಂದ ಸಿಕ್ಕ ಕೂಡಲೇ ಹುಡುಗಿಯರು ಕಂಬ ಕಿತ್ತು ಹೆಗಲ ಮೇಲೆ ಹೊತ್ತು ಅವನ ಕೊಟ್ಟಿಗೆಗೆ ತಂದು ಹಾಕುತ್ತಿದ್ದರು. ತಿಂಗಳು ಕಳೆಯುವುದರಲ್ಲಿ ಗೋಲು ಇದ್ದ ಜಾಗದಲ್ಲಿ ಅವರೇ ಬಗ್ಗಿ ಪೈರು ನಾಟಿ ಮಾಡುತ್ತಿದ್ದರು. ಚೆಲುವಮ್ಮ ಗಂಡನ ಹಳೆಯ ಪಂಚೆಗಳನ್ನು ಬಣ್ಣಕ್ಕೆ ಅದ್ದಿ ಮೊಣಕಾಲು ಮುಚ್ಚುವ ಚಡ್ಡಿ ಹೊಲಿದಳು. ಬಣ್ಣ ಮೊದಲ ಬೆವರಿಗೇ ಬಿಟ್ಟು ಎಲ್ಲರ ಕಾಲೂ ನೀಲಿಯಾಯಿತು.

ತೊಂಬತ್ತಮೂರರಲ್ಲಿ ಕೆ.ಆರ್.ಎಸ್. ಕ್ವಾರ್ಟರ್ಸಿನ ಹುಡುಗಿಯರ ಎದುರು ಸೋತರು. ಕೆ.ಆರ್. ಪೇಟೆಯ ಹಾಸ್ಟೆಲ್ ಹುಡುಗಿಯರ ಎದುರು ಗೆದ್ದರು. ನಾಗಮಂಗಲಕ್ಕೆ ಹೋದಾಗ ಅಲ್ಲಿಯ ನೆಲ ನೋಡಿಯೇ ಹೆದರಿದರು. ಗದ್ದೆಯ ಮೆತ್ತನೆಯ ಮಣ್ಣಿನಲ್ಲಿ ಬಿದ್ದು ರೂಢಿಯಾದವರಿಗೆ ಅಲ್ಲಿಯ ಗರಸು ಮಣ್ಣು ಮೊಣಕಾಲಿನ ಚರ್ಮ ಸುಲಿಯಿತು. ಮರುವರ್ಷ ಪಾಂಡವಪುರದಲ್ಲಿ ನಾಲ್ಕು ಊರಿನ ಪಂದ್ಯ ಏರ್ಪಟ್ಟಿತು. ಶೂ ಇಲ್ಲದೆ ಆಡಕೂಡದೆಂದು ನಿಯಮ. ಎಲ್ಲರೂ ಅವರಿವರ ಅಣ್ಣಂದಿರ ಕ್ಯಾನ್ವಾಸ್ ಶೂ ಎರವಲು ತಂದು, ಮುಂತುದಿಗೆ ಬಟ್ಟೆ ತುರುಕಿ ಹಾಕಿಕೊಂಡರು. ಮೊದಲರ್ಧ ಪೂರ್ತಿ ಕೋಳಿಗೆ ಕಾಲು ಕಟ್ಟಿದ ಹಾಗೆ ತಡವರಿಸಿದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ವಿರಾಮದಲ್ಲಿ ಚೆಲುವಮ್ಮ ಪಂದ್ಯ ನಡೆಸುವವರ ಕೈಕಾಲು ಹಿಡಿದು, ಪೆಟ್ಟಾದರೆ ತನ್ನ ಜವಾಬ್ದಾರಿ ಎಂದು ಬರೆದುಕೊಟ್ಟು, ಶೂ ಬಿಚ್ಚಿಸಿದಳು. ಪವಿತ್ರ ಎರಡು ಗೋಲು ಹೊಡೆದಳು, ಎರಡೂ ಎಡಗಾಲಿನಲ್ಲಿ. ಗೆದ್ದ ಕಪ್ಪನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದವಳು, ಊರು ಬರುವ ಹೊತ್ತಿಗೆ ಅದನ್ನು ಚೆಲುವಮ್ಮನ ತೊಡೆಗೆ ದಾಟಿಸಿ, ಅವಳ ಭುಜಕ್ಕೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಆ ದಿನ ಚೆಲುವಮ್ಮನಷ್ಟು ಸುಖವಾಗಿದ್ದವರು ಆ ಬಸ್ಸಿನಲ್ಲಿ ಮಾತ್ರವಲ್ಲ, ಇಡೀ ತಾಲ್ಲೂಕಿನಲ್ಲಿ ಯಾರೂ ಇರಲಿಲ್ಲ.

ಆ ಸುಖವೇ ಅವಳ ಬುದ್ಧಿ ಕೆಡಿಸಿತು ಎಂದು ನನಗನ್ನಿಸುತ್ತದೆ. ಪಾಂಡವಪುರದಲ್ಲಿ ಆಟ ನೋಡಿದ ಒಬ್ಬರು ಸುದ್ದಿ ಹೇಳಿದ್ದರು. ಬೆಂಗಳೂರಿನ ಒಂದು ಕಾರ್ಖಾನೆಯವರು ಹೆಂಗಸರ ತಂಡ ಕಟ್ಟುತ್ತಿದ್ದಾರೆ, ಆಡುವವರಿಗೆ ಅಲ್ಲೇ ಕೆಲಸ, ಇರಲು ಹಾಸ್ಟೆಲ್ಲು. ತೊಂಬತ್ತೈದರ ಫೆಬ್ರವರಿಯಲ್ಲಿ ಮೈಸೂರಿನಲ್ಲಿ ಆಯ್ಕೆ. ಓದು ಮುಖ್ಯವಲ್ಲ. ಆದರೆ ಕೆಲಸಕ್ಕೆ ಸೇರಬೇಕಾದ್ದರಿಂದ ಹದಿನೆಂಟು ತುಂಬಿರಬೇಕು, ಅದಕ್ಕೆ ಕಾಗದ ಇರಬೇಕು.

ಪವಿತ್ರಳಿಗೆ ಆ ಸಂಕ್ರಾಂತಿಗೆ ಹದಿನಾರು ತುಂಬಿತ್ತು. ಕಾಗದ ಯಾವುದೂ ಇರಲಿಲ್ಲ. ಹುಟ್ಟಿದ್ದು ಮನೆಯಲ್ಲಿ, ಬರೆಸಿದವರಿಲ್ಲ. ಓದಿದ ಮೂರು ವರ್ಷದ ಶಾಲೆ ಪುಸ್ತಕವನ್ನು ಗೆದ್ದಲು ತಿಂದಿತ್ತು. ಕಾಗದ ಇಲ್ಲದ್ದು ಚೆಲುವಮ್ಮನಿಗೆ ತೊಡಕಾಗಿ ಕಾಣಲಿಲ್ಲ, ಅನುಕೂಲವಾಗಿ ಕಂಡಿತು. ಶ್ರೀರಂಗಪಟ್ಟಣದಲ್ಲಿ ವಕೀಲರೊಬ್ಬರನ್ನು ಕೇಳಿದಳು. ಹೆರಿಗೆ ಮಾಡಿಸಿದವಳು ಇಂಥ ವರ್ಷ ಇಂಥ ತಿಂಗಳು ಎಂದು ಪ್ರಮಾಣ ಮಾಡಿ ಹೆಬ್ಬೆಟ್ಟು ಒತ್ತಬೇಕು, ತಂದೆ ಸಹಿ ಹಾಕಬೇಕು, ಒಬ್ಬ ಸಾಕ್ಷಿ ಬೇಕು, ಅಷ್ಟಾದರೆ ಸಾಕು ಎಂದರು ಅವರು.

ಹೆರಿಗೆ ಮಾಡಿಸಿದವಳು ಚಿಕ್ಕಬೋರಮ್ಮ. ತೂಬಿನಕೊಪ್ಪಲಿನಲ್ಲಿ ನಲವತ್ತು ವರ್ಷದಿಂದ ಹುಟ್ಟಿದವರೆಲ್ಲ ಅವಳ ಕೈಗೇ ಬಂದವರು. ಸುಗ್ಗಿಯಲ್ಲಿ ಪ್ರತಿ ಮನೆಯವರೂ ಅವಳಿಗೆ ಒಂದು ಮೊರ ಭತ್ತ ಕೊಡುತ್ತಿದ್ದರು. ಅಕ್ಷರ ಬಾರದ ಆ ಮುದುಕಿಯ ತಲೆಯೇ ಊರಿನ ಜನನ ಪುಸ್ತಕ. ಜಾತಕ ಬರೆಯುವ ಅಯ್ಯನವರೂ ಶಾಲೆಯ ಮೇಷ್ಟರೂ ಅವಳನ್ನೇ ಕೇಳುತ್ತಿದ್ದರು. ಅವಳು ಇಸವಿ ಹೇಳುತ್ತಿರಲಿಲ್ಲ. ತೂಬಿಗೆ ಕಬ್ಬಿಣದ ಬಾಗಿಲು ಕೂರಿಸಿದ ವರ್ಷ, ಬಿಳಿ ಎತ್ತು ನಾಲೆಗೆ ಬಿದ್ದ ವರ್ಷ ಎಂದು ಹೇಳುತ್ತಿದ್ದಳು. ಒಂದು ಸಲವೂ ತಪ್ಪಿದ್ದಿಲ್ಲ.

“ಎರಡು ವರ್ಷ ಇಂದಕ್ಕೆ ತಳ್ಬುಡು ಅಂತೀಯಲ್ಲ,” ಎಂದಳು ಚಿಕ್ಕಬೋರಮ್ಮ. “ಎರಡು ವರ್ಷ ಇಂದಕ್ಕೆ ಅವಳವ್ವ ಇನ್ನೂ ಈ ಊರ್ಗೇ ಬಂದಿರ್ನಿಲ್ಲ ಕಣವ್ವ. ಮದ್ವೆನೇ ಆಗಿರ್ನಿಲ್ಲ.”

“ಕಾಗ್ದಕ್ಕೆ ಅದೆಲ್ಲ ಗೊತ್ತಾಗಲ್ಲ ಬುಡಜ್ಜಿ.”

“ಕಾಗ್ದಕ್ಕೆ ಗೊತ್ತಾಗ್ದಿದ್ರೆ ನಂಗ್ ಗೊತ್ತಲ್ಲ.” ಮುದುಕಿ ಎಲೆಅಡಿಕೆ ಸಂಚಿ ಬಿಚ್ಚಿ ಮತ್ತೆ ಕಟ್ಟಿದಳು. “ನಾನಿದುವರ್ಗೂ ಯಾರ್ ವಯಸ್ಸೂ ಸುಳ್ಳು ಯೋಳಿಲ್ಲ.”

“ಉಡುಗಿ ಬಾಳು ನೆಟ್ಗಾಯ್ತದೆ. ನಿನ್ ಕೈಲಿ ಉಟ್ಟಿದ್ದೋಳು ತಾನೆ.”

ಆ ಮಾತಿಗೆ ಮುದುಕಿ ಸೋತಳು. ಚಿಕ್ಕಸ್ವಾಮಿಯನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಮಗಳಿಗೆ ಕೆಲಸ ಸಿಗುತ್ತದೆಂದರೆ ಯಾರು ಬೇಡ ಎನ್ನುತ್ತಾರೆ. ಹೆಬ್ಬೆಟ್ಟು ಬಿತ್ತು, ತಂದೆಯ ಸಹಿ ಬಿತ್ತು, ಸಾಕ್ಷಿಯ ಜಾಗದಲ್ಲಿ ಚೆಲುವಮ್ಮ ತನ್ನ ಹೆಸರನ್ನು ದುಂಡಗೆ ಬರೆದಳು. ಆಯ್ಕೆಗೆ ಮೊದಲು ಹದಿನೈದು ದಿನ ನಾಲೆಯ ಏರಿಯ ಮೇಲೆ ಪವಿತ್ರಳನ್ನು ಓಡಿಸುತ್ತಾ ಪಾಠ ಹೇಳಿಕೊಟ್ಟಳು. ಯಾರು ಕೇಳಿದರೂ ತಡವರಿಸಬಾರದು, ಹದಿನೆಂಟು ತುಂಬೈತೆ ಅನ್ನಬೇಕು. ಪವಿತ್ರ ಓಡುತ್ತಾ ಓಡುತ್ತಾ ಅದನ್ನೇ ಹೇಳುತ್ತಿದ್ದಳು, ನಗುತ್ತಿದ್ದಳು.

ಮೈಸೂರಿಗೆ ನಲವತ್ತು ಹುಡುಗಿಯರು ಬಂದಿದ್ದರು. ಬೇಕಾದವರು ಇಬ್ಬರೇ. ಪವಿತ್ರಳ ಹೆಸರು ಮೂರನೆಯದಾಗಿ ಬಂತು. ಆಯ್ಕೆ ಮಾಡುವ ಹೆಂಗಸು ಪವಿತ್ರಳ ಬೆನ್ನು ತಟ್ಟಿ, ಬರುವ ವರ್ಷ ಮತ್ತೆ ತೆಗೆದುಕೊಳ್ಳುತ್ತೇವೆ, ತಪ್ಪದೆ ಬಾ, ಈ ಎಡಗಾಲನ್ನು ನಾನು ಮರೆಯುವುದಿಲ್ಲ ಎಂದರು. ಒಂದು ವರ್ಷ ಕಾಯಬೇಕು, ಅಷ್ಟೇ. ಬರುವಾಗ ಇಬ್ಬರೂ ಬಸ್ ಸ್ಟಾಂಡಿನಲ್ಲಿ ಮಸಾಲೆದೋಸೆ ತಿಂದರು.

ಆ ಒಂದು ವರ್ಷ ಅವರಿಗೆ ಸಿಗಲಿಲ್ಲ. ಅದುವರೆಗೆ ಗಂಡಿನ ಕಡೆಯವರು ಯಾರಾದರೂ ಕೇಳಿಕೊಂಡು ಬಂದರೆ ಚಿಕ್ಕಸ್ವಾಮಿ, ಅದಿನ್ನೂ ಮಗು ಬುಡ್ರಪ್ಪ ಎಂದು ಕಳಿಸುತ್ತಿದ್ದ. ಈಗ ಹಾಗೆನ್ನುವಂತಿರಲಿಲ್ಲ. ಹದಿನೆಂಟಾಗಿದೆ ಎಂದು ವಕೀಲರ ಮುಂದೆ ಕಾಗದವಾಗಿದೆ ಎಂಬುದು ಊರಿಗೆಲ್ಲ ಗೊತ್ತಾಗಿತ್ತು. ಹದಿನೆಂಟಾದ ಮಗಳನ್ನು ಇನ್ನೂ ಗದ್ದೆಯಲ್ಲಿ ಓಡಿಸುತ್ತಿದ್ದಾನಲ್ಲ ಎಂದು ಅಂಗಡಿ ಜಗುಲಿಯಲ್ಲಿ ಮಾತು ಹುಟ್ಟಿತು. ವಿಚಿತ್ರವೆಂದರೆ, ಸುಳ್ಳು ಎಂದು ಬಲ್ಲವರೂ ಆ ಕಾಗದವನ್ನು ನಂಬತೊಡಗಿದರು. ಮೊಮ್ಮಗಳು ಹುಟ್ಟಿದ ದಿನ ಬಿಸಿನೀರು ಕಾಯಿಸಿದ ಪುಟ್ಟತಾಯಮ್ಮನೇ, “ಸರ್ಕಾರದೋರೇ ಅದಿನೆಂಟು ಅಂತ ಬರ್ಕೊಟ್ಟವ್ರೆ, ಇನ್ನೇನ್ ಕಾಯೋದು,” ಎನ್ನತೊಡಗಿದಳು. ನಾಗಮಂಗಲದ ಕಡೆಯಿಂದ ಒಂದು ಸಂಬಂಧ ಬಂತು. ಗಂಡಿಗೆ ತೆಂಗಿನ ತೋಟ, ಊರಿನಲ್ಲಿ ಸಣ್ಣದೊಂದು ನೌಕರಿ. ವೈಶಾಖಕ್ಕೆ ಲಗ್ನ ನಿಶ್ಚಯವಾಯಿತು.

ಚೆಲುವಮ್ಮ ಚಿಕ್ಕಸ್ವಾಮಿಯನ್ನು ಗದ್ದೆಯ ಹತ್ತಿರ ಹಿಡಿದು ಕೇಳಿದಳು.

“ಒಂದ್ ವರ್ಸ ತಡಿಯಣ್ಣೋ. ಬರೋ ಫೆಬ್ರವರಿ ಗಂಟ.”

“ಬರೋ ವರ್ಸಕ್ಕೆ ಅವಳ್ಗೆ ಅತ್ತೊಂಬತ್ತು ಅಂತಾರೆ. ಅತ್ತೊಂಬತ್ತಾದ್ರೂ ಇನ್ನೂ ಕೊಟ್ಟಿಲ್ಲ, ಏನೋ ಐಬೈತೆ ಅಂತಾರೆ.”

“ಅವಳ್ಗೆ ಅದಿನಾರು ಅಂತ ನಿಂಗೊತ್ತಿಲ್ವ?”

“ನಂಗೊತ್ತು ಕಣವ್ವ. ಊರ್ಗೆ ನೀನೇ ಅಲ್ವ ಅದಿನೆಂಟು ಅಂತ ಯೋಳಿದ್ದು.” ಚಿಕ್ಕಸ್ವಾಮಿ ಕೋಪದಲ್ಲಿ ಹೇಳಲಿಲ್ಲ. ಅವನ ಮುಖದಲ್ಲಿ ದುಃಖವೇ ಇತ್ತು. “ನಾನ್ ಇದುವರ್ಗೂ ಯಂಗೋ ತಡ್ಕಂಡಿದ್ದೆ. ನಂಗಿದ್ದ ಒಂದ್ ನೆಪ ನೀನ್ ಕಿತ್ಕಬುಟ್ಟೆ.”

ಮನೆಗೆ ಬಂದು ಚೆಲುವಮ್ಮ ಎರಡು ದಿನ ಊಟ ಬಿಟ್ಟಳು. ಪವಿತ್ರಳನ್ನು ಅವಳ ಮನೆಯವರು ಹೊರಗೆ ಬಿಡುತ್ತಿರಲಿಲ್ಲ, ಹೊಲಿಗೆಗೂ ಕಳಿಸುತ್ತಿರಲಿಲ್ಲ. ಮದುವೆಗೆ ಇನ್ನು ನಾಲ್ಕು ದಿನ ಎನ್ನುವಾಗ ಚೆಲುವಮ್ಮ ಗಂಡನನ್ನು ಹೊರಡಿಸಿಕೊಂಡು ಠಾಣೆಗೆ ಹೋದಳು. ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡುತ್ತಿದ್ದಾರೆ, ನಿಲ್ಲಿಸಿ ಎಂದಳು. ಇನ್ಸ್‌ಪೆಕ್ಟರು ಒಳ್ಳೆಯವರೇ. ಕಾನ್‌ಸ್ಟೇಬಲ್ ಒಬ್ಬರನ್ನು ಕಳಿಸಿ ತಂದೆಯನ್ನೂ ಮಗಳನ್ನೂ ಕರೆಸಿದರು.

ಚಿಕ್ಕಸ್ವಾಮಿ ಬಂದ. ಜೇಬಿನಿಂದ ಆ ಕಾಗದ ತೆಗೆದು ಮೇಜಿನ ಮೇಲಿಟ್ಟ. ಇನ್ಸ್‌ಪೆಕ್ಟರು ಓದಿದರು. ಕೊನೆಗೆ ಬಂದು ತಲೆಯೆತ್ತಿ ಚೆಲುವಮ್ಮನನ್ನು ನೋಡಿದರು.

“ಸಾಕ್ಷಿ ಅಂತ ಸಹಿ ಹಾಕಿರೋ ಚೆಲುವಮ್ಮ ಯಾರಮ್ಮ?”

“ನಾನೇ ಸಾರ್.”

“ಇದರಲ್ಲಿ ಹದಿನೆಂಟು ತುಂಬಿದೆ ಅಂತಿದೆ. ನೀನು ಇಲ್ಲ ಅಂತೀಯ. ಯಾವುದಮ್ಮ ನಿಜ?”

ಚೆಲುವಮ್ಮ ಬಾಯಿ ತೆರೆದಳು. ಇನ್ಸ್‌ಪೆಕ್ಟರು ಕೈಯೆತ್ತಿ ತಡೆದು, ನಿಧಾನವಾಗಿ ಹೇಳಿದರು. “ಯೋಚನೆ ಮಾಡಿ ಹೇಳು. ಕಾಗದ ಸುಳ್ಳು ಅಂದರೆ ಮದುವೆ ನಿಲ್ಲುತ್ತೆ, ನಿಲ್ಲಿಸ್ತೀನಿ. ಆದರೆ ಸುಳ್ಳು ಪ್ರಮಾಣ ಮಾಡಿದೋರ ಮೇಲೆ ಕೇಸು ಹಾಕಲೇಬೇಕಾಗುತ್ತೆ. ನಿನ್ನ ಮೇಲೆ, ಆ ಹೆರಿಗೆ ಮಾಡಿಸಿದ ಅಜ್ಜಿ ಮೇಲೆ, ಈತನ ಮೇಲೆ.”

ಚಂದ್ರಶೇಖರ ಹೆಂಡತಿಯ ಮುಖ ನೋಡಿದ. ಚೆಲುವಮ್ಮನ ಕಣ್ಣ ಮುಂದೆ ಮನೆಯಲ್ಲಿ ಪಕ್ಕದವರ ಹತ್ತಿರ ಬಿಟ್ಟು ಬಂದ ಹರ್ಷಿತ ಸುಳಿದಳು, ಆರು ವರ್ಷದವಳು. ಎಂಬತ್ತರ ಹತ್ತಿರದ ಚಿಕ್ಕಬೋರಮ್ಮ ಸುಳಿದಳು. ಹೇಳಬೇಕಾದ ಮಾತು ಒಂದೇ ಒಂದು. ಅದು ಬಾಯಿಂದ ಹೊರಡಲಿಲ್ಲ.

ಆಗ ಬಾಗಿಲ ಬಳಿ ನಿಂತಿದ್ದ ಪವಿತ್ರ ಒಂದು ಹೆಜ್ಜೆ ಮುಂದೆ ಬಂದಳು. ಯಾರೂ ಅವಳನ್ನು ಕೇಳಿರಲಿಲ್ಲ.

“ಅದಿನೆಂಟು ತುಂಬೈತೆ ಸಾರ್,” ಎಂದಳು. ತಡವರಿಸಲಿಲ್ಲ.

ಹೇಳಿ ಚೆಲುವಮ್ಮನ ಕಡೆ ನೋಡಿದಳು. ಕಣ್ಣು ಕೀಳದೆ ನೋಡಿದಳು. ಮಾತಾಡಬೇಡ ಅಕ್ಕ, ಸುಮ್ಮನಿರು ಎನ್ನುತ್ತಿದ್ದಾಳೆ ಎಂದು ಚೆಲುವಮ್ಮನಿಗೆ ತೋರಿತು. ಅವಳು ತಲೆ ತಗ್ಗಿಸಿದಳು. ಇನ್ಸ್‌ಪೆಕ್ಟರು ಸ್ವಲ್ಪ ಹೊತ್ತು ಕಾದರು. ಆಮೇಲೆ ಕಾಗದವನ್ನು ಮಡಿಸಿ ಚಿಕ್ಕಸ್ವಾಮಿಯ ಕೈಗೆ ಕೊಟ್ಟರು.

ಮದುವೆ ಹೇಳಿದ ದಿನವೇ ಆಯಿತು. ಚೆಲುವಮ್ಮ ಹೋಗಲಿಲ್ಲ. ಧಾರೆ ಸೀರೆಯ ರವಿಕೆಯನ್ನು ಮಾತ್ರ ಅವಳೇ ಹೊಲಿದಳು. ಪುಟ್ಟತಾಯಮ್ಮ ಬಟ್ಟೆ ತಂದು ಜಗುಲಿಯ ಮೇಲಿಟ್ಟು ಹೋದಾಗ ಬೇಡ ಎನ್ನುವ ಧೈರ್ಯ ಬರಲಿಲ್ಲ. ಅಳತೆ ತೆಗೆಯುವುದೇನೂ ಬೇಕಿರಲಿಲ್ಲ. ಆ ಹುಡುಗಿಯ ಹೆಗಲು, ತೋಳು, ಬೆನ್ನು ಎಲ್ಲವೂ ಅವಳಿಗೆ ಬಾಯಿಪಾಠವಾಗಿತ್ತು. ಹೊಲಿಯುತ್ತಾ ಅತ್ತಳು. ಇನ್ನೂ ಬೆಳೆಯುವ ಮೈ ಎಂದು ಅಂಚಿನಲ್ಲಿ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟು ಹೊಲಿದಳು.

ಚಿಕ್ಕಬೋರಮ್ಮ ಆ ಮಳೆಗಾಲದಲ್ಲೇ ತೀರಿಕೊಂಡಳು. ಕೊನೆಗಾಲದಲ್ಲಿ ಯಾರಾದರೂ ಮಗುವಿನ ಹುಟ್ಟಿದ ವರ್ಷ ಕೇಳಲು ಬಂದರೆ, “ನನ್ ಕೇಳ್ಬ್ಯಾಡಿ, ನಂಗೆ ಮರ್ತೋಗದೆ,” ಎಂದುಬಿಡುತ್ತಿದ್ದಳಂತೆ. ಮರೆತಿರಲಿಲ್ಲ ಎಂದು ಚೆಲುವಮ್ಮನಿಗೆ ಗೊತ್ತು.

ಮುಂದಿನ ಸುಗ್ಗಿಯಾಯಿತು. ನಾಲೆ ನಿಂತಿತು, ದೊಡ್ಡ ಮಡಿ ಒಣಗಿತು. ಚಿಕ್ಕಸ್ವಾಮಿ ಆಡಬೇಡಿ ಎನ್ನಲಿಲ್ಲ, ಆಡಿ ಎಂದೂ ಕರೆಯಲಿಲ್ಲ. ಉಳಿದ ಹುಡುಗಿಯರ ಮನೆಯವರು ಬುದ್ಧಿ ಕಲಿತಿದ್ದರು. ಚೆಂಡಾಟಕ್ಕೆ ಬಿಟ್ಟರೆ ಠಾಣೆಯವರೆಗೆ ಹೋಗಬೇಕಾಗುತ್ತದೆ ಎಂದು ಕೆಲವರು ಅಂದರೆ, ಕಂಡವರ ಮಗಳ ಮದುವೆಗೆ ಕಲ್ಲು ಹಾಕುವ ಹೆಂಗಸು ಎಂದು ಮತ್ತೆ ಕೆಲವರು ಅಂದರು. ಮೂವರು ಹುಡುಗಿಯರು ಮಾತ್ರ ಬಂದರು. ಮೂವರಲ್ಲಿ ಎಂಥ ಆಟ. ಎರಡು ದಿನ ಒದ್ದಾಡಿ ಅವರೂ ನಿಂತರು. ಜಾಲಿಯ ಕಂಬಗಳನ್ನು ಚಂದ್ರಶೇಖರ ಯಾರದೋ ಮನೆಯ ಬಾಗಿಲ ಚೌಕಟ್ಟಿಗೆ ಬಳಸಿದ. ಹೆಂಡತಿಯನ್ನು ಕೇಳಿಯೇ ಬಳಸಿದ, ಅವಳು ಹೂಂ ಎಂದಳು. ಕಾರ್ಖಾನೆಯವರು ಆ ಫೆಬ್ರವರಿಯಲ್ಲಿ ಆಯ್ಕೆ ನಡೆಸಿದರೋ ಇಲ್ಲವೋ ಎಂದು ವಿಚಾರಿಸಲು ಯಾರೂ ಹೋಗಲಿಲ್ಲ. ಅಲ್ಲಿಗೆ ಗದ್ದೆ ಸಂಘದ ಕತೆ ಮುಗಿಯಿತು, ನಾಲ್ಕು ಸುಗ್ಗಿಯ ಕತೆ.

ಚೆಲುವಮ್ಮ ಬದುಕಿದಳು. ಹೊಲಿದಳು, ಬೇಯಿಸಿದಳು, ಹರ್ಷಿತಳನ್ನು ಶಾಲೆಗೆ ಸೇರಿಸಿದಳು. ಮನಸ್ಸು ಚುಚ್ಚಿದಾಗಲೆಲ್ಲ ಗಂಡನ ಹತ್ತಿರ ಒಂದೇ ಮಾತು ಹೇಳುತ್ತಿದ್ದಳು. “ಅವಳೇ ಬಾಯ್ಬುಟ್ಟು ಅಂಗಂದ್ಮೇಲೆ ನಾನೇನ್ ಮಾಡ್ಲಿ. ಸುಮ್ಕಿರು ಅಂತ ಕಣ್ಣಲ್ಲೇ ಯೋಳುದ್ಲು.” ಚಂದ್ರಶೇಖರ ಉಳಿಯ ಬಾಯಿ ಮಸೆಯುತ್ತಾ ಕೇಳಿಸಿಕೊಳ್ಳುತ್ತಿದ್ದ. ಆ ಮಾತನ್ನು ಹಿಡಿದುಕೊಂಡೇ ಅವಳು ಮೂರು ವರ್ಷ ಕಳೆದಳು. ತಾನು ಕೈಬಿಟ್ಟದ್ದಲ್ಲ, ಹುಡುಗಿಯೇ ತನ್ನನ್ನು ಉಳಿಸಲು ಆರಿಸಿಕೊಂಡದ್ದು. ಹಾಗೆ ಅಂದುಕೊಂಡರೆ ನಿದ್ದೆ ಹತ್ತುತ್ತಿತ್ತು.

ತೊಂಬತ್ತೆಂಟರ ಕಾರ್ತಿಕದಲ್ಲಿ ನೆಂಟರ ಮನೆಯ ನಾಮಕರಣಕ್ಕೆಂದು ನಾಗಮಂಗಲಕ್ಕೆ ಹೋದಳು. ಮಧ್ಯಾಹ್ನ ವಾಪಸು ಬರಲು ಬಸ್ ಸ್ಟಾಂಡಿನಲ್ಲಿ ನಿಂತಿದ್ದಾಗ, “ಅಕ್ಕ,” ಎಂದು ಯಾರೋ ಕರೆದರು. ಪವಿತ್ರ. ಸೊಂಟದಲ್ಲಿ ಒಂದು ಮಗು, ಕೈ ಹಿಡಿದು ಇನ್ನೊಂದು. ಮೈ ಇಳಿದಿತ್ತು, ಕೆನ್ನೆಯ ಮೂಳೆ ಎದ್ದಿತ್ತು. ನಿಜವಾದ ಲೆಕ್ಕಕ್ಕೆ ಅವಳಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ನೋಡಿದವರು ಮೂವತ್ತು ಎನ್ನುತ್ತಿದ್ದರು.

ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತರು. ಹರ್ಷಿತ ಎಷ್ಟನೇ ಕ್ಲಾಸು ಎಂದು ಪವಿತ್ರ ಕೇಳಿದಳು. ಎಮ್ಮೆ ಕರು ಹಾಕಿತಂತೆ, ಅಪ್ಪ ಬಂದಿದ್ದಾಗ ಹೇಳಿದ ಎಂದಳು. ಗಂಡ ಹೇಗಿದ್ದಾನೆ ಎಂದು ಚೆಲುವಮ್ಮ ಕೇಳಿದ್ದಕ್ಕೆ, “ಕೆಟ್ಟೋನಲ್ಲ,” ಎಂದಳು. ಮೊದಲನೇ ಹೆರಿಗೆಯಲ್ಲಿ ತಾನು ಉಳಿಯುವುದಿಲ್ಲ ಎಂದಿದ್ದರಂತೆ, ಮೈ ಇನ್ನೂ ಬಲಿತಿಲ್ಲ ಅಂದರಂತೆ ಡಾಕ್ಟರಮ್ಮ. ಅದನ್ನೂ ಎಮ್ಮೆಯ ಸುದ್ದಿ ಹೇಳಿದ ದನಿಯಲ್ಲೇ ಹೇಳಿದಳು.

ಚೆಲುವಮ್ಮನಿಗೆ ತಡೆಯಲಾಗಲಿಲ್ಲ. ಪವಿತ್ರಳ ಕೈ ಹಿಡಿದುಕೊಂಡಳು.

“ಅವತ್ತು ನೀ ಅಂಗಂದು ನನ್ ಉಳ್ಸುದ್ದೆ ಕಣಮ್ಮೀ. ಸುಮ್ಕಿರಕ್ಕ ಅಂತ ನನ್ನೇ ನೋಡ್ತಿದ್ದೆ. ನಿನ್ ಋಣ ನಾ ಯಂಗ್ ತೀರುಸ್ಲಿ.”

ಸೊಂಟದ ಮಗು ಅಳತೊಡಗಿತು. ಪವಿತ್ರ ಅದನ್ನು ಈ ಕಡೆಯಿಂದ ಆ ಕಡೆಗೆ ಬದಲಾಯಿಸಿಕೊಂಡಳು.

“ಸುಮ್ಕಿರು ಅಂತ ನೋಡ್ನಿಲ್ಲ ಕಣಕ್ಕ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ನಿಮ್ಗೆಲ್ಲ ಕೇಸಾಯ್ತದೆ ಅಂದ್ರಲ್ಲ, ಅದ್ಕೆ ಭಯವಾಗಿ ಅಂದ್ಬುಟ್ಟೆ. ಅಂದ್ಮೇಲೆ, ನೀನು ಅಲ್ಲ ಅಂತೀಯ ಅಂತ ನೋಡ್ತಿದ್ದೆ. ನೀನ್ ಇರೋವಾಗ ಅಂಗ್ ಆಗಾಕ್ ಬುಡಲ್ಲ ಅಂತ.”

ಬಸ್ಸು ಬಂತು. ಜನ ನುಗ್ಗಿದರು. ಪವಿತ್ರ ಎದ್ದು ಚೆಲುವಮ್ಮನ ಚೀಲವನ್ನು ಕಿಟಕಿಯಿಂದ ಸೀಟಿನ ಮೇಲೆ ಹಾಕಿ ಜಾಗ ಹಿಡಿದುಕೊಟ್ಟಳು. “ಅತ್ತಕ್ಕ, ಬಸ್ಸು ಓಯ್ತದೆ,” ಎಂದಳು. ಚೆಲುವಮ್ಮ ಹತ್ತಿ ಕೂತಳು. ಒಂದು ಮಾತಾದರೂ ಹೇಳಬೇಕು ಎಂದು ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಪವಿತ್ರ ಕೆಳಗೆ ನಿಂತು ಅವಳನ್ನೇ ನೋಡುತ್ತಿದ್ದಳು. ಬಸ್ಸು ಹೊರಡುವವರೆಗೂ ನೋಡುತ್ತಲೇ ಇದ್ದಳು. ಚೆಲುವಮ್ಮನ ಬಾಯಿಂದ ಅವತ್ತೂ ಮಾತು ಹೊರಡಲಿಲ್ಲ.